ಹಿಂದೆ ಬಿದ್ದವರು

ಧರ್ಮೋಪದೇಶಕಾಂಡ 25ನೆಯ ಅಧ್ಯಾಯದ 17, 18ನೆಯ ವಚನಗಳನ್ನು ಮೊದಲು ಓದಿಕೊಳ್ಳಿರಿ.

ಇಸ್ರಾಯೇಲ್ಯರು ಐಗುಪ್ತವನ್ನು ಬಿಟ್ಟು ಅರಣ್ಯಮಾರ್ಗವಾಗಿ ಹೋಗುತ್ತಿದ್ದಾಗ ಅಮಾಲೇಕ್ಯರು ಅವರ ಮೇಲೆ ಬಿದ್ದ ಸಂಗತಿಯನ್ನು ನೀವು ಬಲ್ಲಿರಿ. ಮೋಶೆಯು ಗುಡ್ಡದ ಮೇಲೆ ಕೈಯೆತ್ತಿ ನಿಂತದ್ದನ್ನೂ ಆರೋನನೂ ಹೂರನೂ ಆ ಕೈಗಳಿಗೆ ಆಧಾರ ಕೊಟ್ಟದ್ದನ್ನೂ ಭಾನುವಾರದ ಶಾಲೆಯ ಮಕ್ಕಳು ಸಹ ಹೇಳಬಲ್ಲರು. ಆದರೆ ಬಹುಕಾಲದ ಮೇಲೆ ಮೋಶೆಯು ಅದೇ ಸಂಗತಿಯನ್ನು ಜನರ ಜ್ಞಾಪಕಕ್ಕೆ ತರುವಾಗ, ವಿಮೋಚನಕಾಂಡದಲ್ಲಿ ಕಾಣದ ಒಂದು ಮಾತನ್ನು ಕೂಡಿಸುತ್ತಾನೆ. ವೈರಿಯು ಹೊಡೆದದ್ದು ಮುಂದಿದ್ದ ಬಲಿಷ್ಠರನ್ನಲ್ಲ; ದಣಿದು ಬಳಲಿ ಹಿಂದೆ ಉಳಿದಿದ್ದವರನ್ನೇ. ಈ ಮಾತನ್ನು ನಾನು ಎಷ್ಟೋ ಸಾರಿ ಓದಿದ್ದೆನು, ಬೋಧಿಸಿಯೂ ಇದ್ದೆನು. ಅದರ ಭಾರವು ನನಗೆ ತಿಳಿದದ್ದು ಒಂದು ಬೆಟ್ಟದ ದಾರಿಯಲ್ಲಿ, ಅದೂ ನನ್ನ ತಪ್ಪಿನಿಂದ.

ಮಳೆ ಹಿಂದೆಗೆದು ಬಿಸಿಲು ಕಾಣಿಸಿಕೊಳ್ಳುವ ಅಕ್ಟೋಬರ್ ತಿಂಗಳ ಮೊದಲಲ್ಲಿ ನಮ್ಮ ಸಭೆಯ ಹನ್ನೆರಡು ಮಂದಿ ಕುದುರೆಮುಖ ಪರ್ವತಕ್ಕೆ ಹೊರಟೆವು. ಕಡಲ ಕಡೆಯಿಂದ ನೋಡುವವರಿಗೆ ಕುದುರೆಯ ಮೋರೆಯಂತೆ ತೋರುವುದರಿಂದ ಅದಕ್ಕೆ ಆ ಹೆಸರು. ಶಿಖರದ ಎತ್ತರವು 1,894 ಮೀಟರು. 1987ರಲ್ಲಿ ಆ ಸೀಮೆಯನ್ನು ರಾಷ್ಟ್ರೀಯ ಉದ್ಯಾನವಾಗಿ ಮಾಡಿದ್ದಾರೆ. ಅರಣ್ಯ ಇಲಾಖೆಯವರ ಅಪ್ಪಣೆ ಬೇಕು, ಮೇಲೆ ರಾತ್ರಿ ತಂಗುವಂತಿಲ್ಲ, ಬೆಳಕಿರುವಾಗಲೇ ಇಳಿದು ಬರಬೇಕು. ಮುಳ್ಳೋಡಿ ಎಂಬ ಊರಿನ ವರೆಗೆ ಜೀಪಿನಲ್ಲಿ ಹೋಗಿ, ಅಲ್ಲಿಂದ ಹೋಗಿಬರುವುದಕ್ಕೆ ಸುಮಾರು 20 ಕಿಲೋಮೀಟರು ನಡಿಗೆ.

ಆ ದಿನಗಳಲ್ಲಿ ಹುಲ್ಲುಗುಡ್ಡಗಳು ಹಸುರಾಗಿ ಹೊಳೆಯುತ್ತವೆ. ಗುಡ್ಡದ ಮಡಿಲುಗಳಲ್ಲಿ ಕುಳ್ಳು ಮರಗಳ ಶೋಲಾ ಕಾಡು ಉಂಟು. ಅದರೊಳಗಿಂದ ನೀರು ಇನ್ನೂ ತುಂಬಿ ಹರಿಯುತ್ತಿರುತ್ತದೆ. ಕಲ್ಲುಗಳಿಗೆ ಪಾಚಿ, ದಾರಿಗೆ ಕೆಸರು, ಕಾಲಿಗೆ ಉಂಬಳ. ಸುಣ್ಣವನ್ನೂ ಹೊಗೆಸೊಪ್ಪನ್ನೂ ಕಾಲಿಗೆ ತಿಕ್ಕಿಕೊಂಡು ನಡೆದೆವು. ಆದರೂ ಅವು ತಮ್ಮ ಪಾಲನ್ನು ತೆಗೆದುಕೊಳ್ಳದೆ ಬಿಡಲಿಲ್ಲ.

ನಮಗೆ ದಾರಿ ತೋರಿಸಲು ಆ ಊರಿನ ಒಬ್ಬ ಯುವಕನು ಬಂದನು. ಮೇಘಸ್ತಂಭವೇ ಮುಂದೆ ನಡೆಯುತ್ತಿದ್ದರೂ ಮೋಶೆಯು ಆ ಅರಣ್ಯವನ್ನು ಬಲ್ಲ ಹೋಬಾಬನನ್ನು ಜೊತೆಗೆ ಬರುವಂತೆ ಬೇಡಿಕೊಂಡನಲ್ಲವೇ? ಹೊರಡುವಾಗ ಆ ಯುವಕನು ನಮ್ಮನ್ನು ಎಣಿಸಿ, ನಿಮ್ಮಲ್ಲಿ ಒಬ್ಬರು ಎಲ್ಲರಿಗಿಂತ ಹಿಂದೆ ಬರಬೇಕು ಎಂದು ಕೇಳಿದನು. ನಾನು ಬರುತ್ತೇನೆ ಎಂದೆನು. ಒಂದು ತಾಸಿನೊಳಗೆ, ಯೌವನಸ್ಥರ ಮಾತಿನ ಗೆಲವಿನಲ್ಲಿ, ನಾನೇ ಮುಂದಿನ ಸಾಲಿನಲ್ಲಿದ್ದೆನು.

ನಮ್ಮೊಂದಿಗೆ ಹಂಚಿನ ಕಾರ್ಖಾನೆಯಲ್ಲಿ ದುಡಿದು ಮುದುಕರಾದ ಒಬ್ಬ ಸಭಾಹಿರಿಯರಿದ್ದರು. ಎಲ್ಲರೂ ಅವರನ್ನು ಅಜ್ಜ ಎಂದೇ ಕರೆಯುವುದು. ದೇವರ ಬೆಟ್ಟಗಳನ್ನು ಒಂದು ಸಾರಿ ಮೇಲಿಂದ ನೋಡಬೇಕೆಂಬುದು ಅವರ ಬಹುದಿನದ ಆಶೆ. ಏರು ಬಂದಾಗ ನಾವು ಬೇಗ ಬೇಗ ಹತ್ತಿ ಮರದ ಕೆಳಗೆ ಕುಳಿತು ನೀರು ಕುಡಿಯುವೆವು. ಅಜ್ಜನು ಬಂದು ತಲಪುವಷ್ಟರಲ್ಲಿ ನಮ್ಮ ದಣಿವು ಆರಿರುವುದು. ಅವರು ಕಂಡ ಕೂಡಲೆ, ಎಲ್ಲರೂ ಬಂದಾಯಿತು, ಇನ್ನು ಹೊರಡೋಣ ಎಂದು ಏಳುವೆವು. ಹೀಗೆ ವಿಶ್ರಾಂತಿಯು ಯಾರಿಗೆ ಹೆಚ್ಚು ಬೇಕಾಗಿತ್ತೋ ಅವರಿಗೆ ಅದು ಒಂದು ಸಾರಿಯೂ ಸಿಕ್ಕಲಿಲ್ಲ. ಬೇಡವಾದವರಿಗೆ ನಾಲ್ಕು ಸಾರಿ ಸಿಕ್ಕಿತು. ನಮ್ಮಲ್ಲಿ ಯಾರೂ ಕಠಿನಹೃದಯರಲ್ಲ. ಅವರಿಗೋಸ್ಕರವೇ ಕಾದೆವೆಂದು ನಾವು ನೆನಸಿದ್ದೆವು.

ಹನ್ನೊಂದು ಗಂಟೆಯ ಹೊತ್ತಿಗೆ ಮಂಜು ಬಂತು. ಕಡಲಿನಿಂದ ಬರುವ ತೇವದ ಗಾಳಿಯು ಆ ಬೆಟ್ಟದ ಗೋಡೆಗೆ ತಾಗಿ ಮೇಲೇರಿ ತಣ್ಣಗಾಗುವಾಗ ಮಂಜಾಗಿ ಕವಿಯುತ್ತದೆ. ಹತ್ತು ಮಾರು ಆಚೆಗಿನ ಮನುಷ್ಯನು ಕಾಣುವುದಿಲ್ಲ. ಒಂದು ಹಳ್ಳವನ್ನು ದಾಟಿ ನಿಂತಾಗ ಆ ಯುವಕನು ಪುನಃ ಎಣಿಸಿದನು. "ಹನ್ನೆರಡು ಮಂದಿ ಅಂದಿರಲ್ಲ ಸಾರ್, ಇಲ್ಲಿ ಹನ್ನೊಂದೇ ಉಂಟು" ಅಂದನು. ನಾನು ಏನು ಉತ್ತರ ಕೊಡಲಿ? ಮಂಜಿನ ಕಡೆಗೆ ತಿರುಗಿ ಕೂಗಿದೆನು. ಉತ್ತರವಿಲ್ಲ. ಉಳಿದವರನ್ನು ಅಲ್ಲೇ ನಿಲ್ಲಿಸಿ ನಾವಿಬ್ಬರೂ ಹಿಂದಕ್ಕೆ ಓಡಿದೆವು. ಆ ಮುಕ್ಕಾಲು ತಾಸಿನಲ್ಲಿ ನಾನು ಮಾಡಿದಂಥ ಪ್ರಾರ್ಥನೆಯನ್ನು ಪ್ರಸಂಗಪೀಠದಲ್ಲಿ ಎಂದೂ ಮಾಡಿರಲಿಲ್ಲ.

ಹುಲ್ಲಿನಲ್ಲಿ ದನಗಳು ತುಳಿದು ಮಾಡಿದಂಥ ಒಂದು ಕವಲುದಾರಿ ಇತ್ತು. ಅದನ್ನೇ ಸರಿಯಾದ ದಾರಿಯೆಂದು ಹಿಡಿದು ಹೋದ ಅಜ್ಜನು ಸಂಶಯ ಬಂದಾಗ ಒಂದು ಕಲ್ಲಿನ ಮೇಲೆ ಕುಳಿತುಬಿಟ್ಟಿದ್ದರು. ಕೂತದ್ದೇ ಅವರ ಜಾಣತನ. ಇನ್ನೂ ಸ್ವಲ್ಪ ನಡೆದಿದ್ದರೆ ಇಳಿಜಾರು ಕಡಿದಾಗುತ್ತಿತ್ತು. ನಮ್ಮನ್ನು ಕಂಡು ಅವರು, "ಅಯ್ಯನವರೇ, ನಾನು ಕೂಗಿದೆ, ಗಾಳಿಗೆ ನಿಮಗೆ ಕೇಳಿಸಲಿಲ್ಲವೋ ಏನೋ. ನನ್ನಿಂದ ನಿಮಗೆಲ್ಲ ತಡವಾಯಿತು, ಕ್ಷಮಿಸಬೇಕು" ಅಂದರು. ಕ್ಷಮೆ ಕೇಳಬೇಕಾಗಿದ್ದವನು ನಾನು, ಕೇಳಿದವರು ಅವರು.

ಪ್ರಿಯರೇ, ನಮ್ಮ ಸಭೆಗಳಲ್ಲಿಯೂ ಹೀಗೆ ಆಗುವುದಿಲ್ಲವೇ? ತೋಟದ ಕೂಲಿಯನ್ನು ಮುಗಿಸಿ ಓಡೋಡಿ ಬರುವ ವಿಧವೆಯು ಬಾಗಿಲಲ್ಲಿ ಕಾಲಿಡುವಾಗ ನಾವು ಕಡೇ ಗೀತಕ್ಕೆ ಎದ್ದಿರುತ್ತೇವೆ. ಕೊಯ್ಲಿನ ಹಬ್ಬದ ಕಾಣಿಕೆಯನ್ನು ಇದ್ದವರ ಕೈ ನೋಡಿ ಗೊತ್ತುಮಾಡುತ್ತೇವೆ. ಹೊಸದಾಗಿ ಬಂದ ಕುಟುಂಬವು ಓದು ಬಾರದೆ ಹಿಂದಿನ ಚಾಪೆಯ ಮೇಲೆ ಮೌನವಾಗಿ ಕುಳಿತಿರುವಾಗ ನಾವು ಒಂದರ ಮೇಲೊಂದು ವಚನಗಳನ್ನು ತಿರುವುತ್ತೇವೆ. ಅವರು ಎರಡು ಮೂರು ವಾರ ಕಾಣದೆ ಹೋದರೆ, ನಂಬಿಕೆಯಲ್ಲಿ ತಣ್ಣಗಾದರು ಎನ್ನುತ್ತೇವೆ. ಅವರು ಕೂಗಿರಲಿಕ್ಕಿಲ್ಲವೇ?

ಏಸಾವನು ತನ್ನ ನಾನೂರು ಮಂದಿಯೊಡನೆ ಬಂದು, ಒಟ್ಟಿಗೆ ಹೋಗೋಣ ಎಂದು ಕರೆದಾಗ ಯಾಕೋಬನು ಒಪ್ಪಲಿಲ್ಲ. ಮಕ್ಕಳು ಎಳೆಯವರು, ಹಾಲೂಡುವ ಪಶುಗಳು ಉಂಟು, ಒಂದು ದಿನ ಹೆಚ್ಚಾಗಿ ನಡಿಸಿದರೆ ಮಂದೆಯು ಸತ್ತೇ ಹೋಗುವುದೆಂದು ಹೇಳಿ, ಅವುಗಳ ನಡಿಗೆಗೆ ತಕ್ಕಂತೆ ಮೆಲ್ಲಗೆ ನಡೆದನು. ಅಣ್ಣನಿಗೆ ಮಾತು ಕೊಟ್ಟಂತೆ ಸೇಯೀರಿಗೆ ಹೋಗದೆ ಸುಕ್ಕೋತಿಗೆ ಹೋದನೆಂಬುದು ಬೇರೆ ವಿಷಯ. ಯಾಕೋಬನು ಪೂರಾ ಬದಲಾಗಲಿಕ್ಕೆ ಇನ್ನೂ ಸಮಯ ಬೇಕಾಗಿತ್ತು. ಆದರೆ ಕುರುಬನ ಕೆಲಸವನ್ನು ಅವನು ಬಲ್ಲನು.

ನಾವು ಹಿಂತಿರುಗಿ ಬಂದಾಗ ದಾರಿ ತೋರಿಸುವ ಯುವಕನು ನನ್ನನ್ನು ಏನೂ ಅನ್ನಲಿಲ್ಲ. ಅಜ್ಜನ ಕೈಗೆ ಒಂದು ಕೋಲನ್ನು ಕೊಟ್ಟು ಅವರನ್ನು ತನ್ನ ಬೆನ್ನ ಹಿಂದೆಯೇ ನಿಲ್ಲಿಸಿ, ಇವರನ್ನು ದಾಟಿ ಯಾರೂ ಮುಂದೆ ಹೋಗಬಾರದು ಅಂದನು. ಈ ನಡಿಗೆಯಲ್ಲಿ ಹೋದರೆ ಬೆಳಕಿರುವಾಗ ಶಿಖರವನ್ನು ಮುಟ್ಟಿ ಇಳಿಯಲಾಗದು, ನಡುವಿನ ಏಣಿನ ವರೆಗೆ ಮಾತ್ರ ಹೋಗಬಹುದೆಂದೂ ಹೇಳಿದನು. ಇಬ್ಬರು ಮೂವರು ಯೌವನಸ್ಥರ ಮುಖಗಳು ಬಾಡಿದವು. ಅವರನ್ನು ನಾನು ದೂರುವುದಿಲ್ಲ. ತಿಂಗಳುಗಟ್ಟಲೆ ಆ ಶಿಖರದ ಮಾತನ್ನೇ ಆಡಿದ್ದರು. ಗುಂಪನ್ನು ಎರಡು ಮಾಡೋಣ ಎಂದು ಒಬ್ಬನು ಕೇಳಿದನು. ದಾರಿ ಬಲ್ಲವನು ಒಬ್ಬನೇ ಇರುವಾಗ ಅದು ಕೂಡದೆಂದೆನು. ಈ ಸಾರಿ ನಾನು ಹಿಂದುಗಡೆಯೇ ನಡೆದೆನು.

ಏಣಿನ ಮೇಲೆ ಕಾಲು ತಾಸು ಕಾದ ಮೇಲೆ ಮಂಜು ಸೀಳಿತು. ಕೆಳಗೆ ಕಾಡು ತುಂಬಿದ ಕಣಿವೆ, ಅದರಾಚೆಗೆ ಗುಡ್ಡದ ಹಿಂದೆ ಗುಡ್ಡ. ಅಜ್ಜನು ಟೊಪ್ಪಿಯನ್ನು ತೆಗೆದು ನಿಂತರು. ಈಗಿನ ಜೋರ್ಡಾನ್ ದೇಶದಲ್ಲಿರುವ ನೆಬೋ ಬೆಟ್ಟವು ಕುದುರೆಮುಖದ ಅರ್ಧದಷ್ಟೂ ಎತ್ತರವಿಲ್ಲ. ಅಲ್ಲಿಂದ ಮೋಶೆಯು ದೇಶವನ್ನು ನೋಡಿದನೇ ಹೊರತು ಒಳಗೆ ಹೋಗಲಿಲ್ಲ. ಅದಕ್ಕೆ ಕಾರಣ ಬೇರೆ. ಆದರೂ ಬಹು ಬೇಗ ನಡೆದು ಮುಗಿಸಬಹುದಾಗಿದ್ದ ದಾರಿಯಲ್ಲಿ ಆತನು ಆ ಜನರ ಜೊತೆ ನಲವತ್ತು ವರುಷ ನಡೆದಿದ್ದನೆಂಬುದು ನನಗೆ ಅಲ್ಲಿ ಜ್ಞಾಪಕಕ್ಕೆ ಬಂತು.

ಸಂಜೆ ಮುಳ್ಳೋಡಿಯಲ್ಲಿ ಜೀಪಿಗೆ ಹತ್ತುವ ಮುಂಚೆ ಆ ಯುವಕನು ಒಬ್ಬೊಬ್ಬರ ಭುಜವನ್ನು ಮುಟ್ಟಿ ಹನ್ನೆರಡೆಂದು ಎಣಿಸಿದನು. ಯೌವನಸ್ಥರು ಶಿಖರಕ್ಕೆ ಹೋಗುವುದಕ್ಕಾಗಿ ಜನವರಿಯಲ್ಲಿ ಪುನಃ ಬರುವ ಮಾತನ್ನಾಡುತ್ತಿದ್ದರು. ಅಜ್ಜನು ಕಾಲಿನ ಉಂಬಳಗಳನ್ನು ಕೀಳುತ್ತಾ, ದಿವಸ ಗೊತ್ತಾದರೆ ನನಗೂ ತಿಳಿಸಿರಿ ಅಂದರು.