ಇನ್ನೊಬ್ಬರ ಹಾಡು

ಬಾಬ್ ಡಿಲನ್ 1967ರಲ್ಲಿ ‘ಆಲ್ ಅಲಾಂಗ್ ದ ವಾಚ್‌ಟವರ್’ ಹಾಡಿದಾಗ ಅದು ಎರಡೂವರೆ ನಿಮಿಷದ ತಣ್ಣಗಿನ ಹಾಡು. ಅಕೂಸ್ಟಿಕ್ ಗಿಟಾರ್, ಹಾರ್ಮೋನಿಕಾ, ಬಾಸ್, ಡ್ರಮ್ಸ್, ಅಷ್ಟೇ. ಮರುವರ್ಷ ಜಿಮಿ ಹೆಂಡ್ರಿಕ್ಸ್ ಅದನ್ನು ತನ್ನ ಎಲೆಕ್ಟ್ರಿಕ್ ಗಿಟಾರಿಗೆ ಒಪ್ಪಿಸಿದ. ಎಲ್ಲೋ ದೂರದಲ್ಲಿ ಬಿರುಗಾಳಿ ಎದ್ದಿದೆ ಎಂದು ಡಿಲನ್ ಸುದ್ದಿ ಹೇಳಿದರೆ, ಹೆಂಡ್ರಿಕ್ಸ್ ನಮ್ಮನ್ನು ಬಿರುಗಾಳಿಯ ನಡುವೆಯೇ ನಿಲ್ಲಿಸುತ್ತಾನೆ. ಮುಂದೆ ಡಿಲನ್ ಕೂಡ ವೇದಿಕೆಯ ಮೇಲೆ ತನ್ನ ಹಾಡನ್ನು ಹೆಂಡ್ರಿಕ್ಸ್‌ನ ದಾರಿಯಲ್ಲೇ ಹಾಡತೊಡಗಿದ. ಬರೆದವನೇ ಹೀಗೆ ಸೋತು ಒಪ್ಪಿಕೊಂಡ ಮೇಲೆ ಮೂಲ ಯಾವುದು, ಕವರ್ ಯಾವುದು?

ನನಗೆ ಕವರ್‌ಗಳೆಂದರೆ ಇಷ್ಟ. ಹಾಗೆಂದು ಹೇಳಿದರೆ ಹಾಸ್ಟೆಲಿನಲ್ಲಿ ಯಾರಾದರೊಬ್ಬರು ‘ಒರಿಜಿನಲ್ ಕೇಳಿದ್ದೀಯಾ?’ ಎನ್ನುತ್ತಾರೆ. ಅದು ಪ್ರಶ್ನೆಯಲ್ಲ, ವೈವಾ. ಮೂಲವನ್ನು ಮೆಚ್ಚುವುದು ಅಭಿರುಚಿ, ಕವರ್ ಮೆಚ್ಚುವುದು ಸೋಮಾರಿತನ ಎಂಬ ನಂಬಿಕೆ ಅದರ ಹಿಂದಿದೆ. ಆ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ಆದರೆ ಅದರ ಅಡಿಯಲ್ಲಿ ಇನ್ನೊಂದು ಪ್ರಶ್ನೆ ಇದೆ, ಅದನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾಗುವುದಿಲ್ಲ: ನನಗೆ ಸಿಗುವ ಈ ಸಂತೋಷ ಯಾರ ಲೆಕ್ಕದಿಂದ ಬಂತು?

ಅಮೆರಿಕದ ಕಾನೂನಿಗೆ ಈ ವಿಷಯದಲ್ಲಿ ಗೊಂದಲವಿಲ್ಲ. ಅಲ್ಲಿನ 1909ರ ಕಾಪಿರೈಟ್ ಕಾಯ್ದೆಯ ಕಾಲದಿಂದ, ಒಂದು ಹಾಡು ಒಮ್ಮೆ ಧ್ವನಿಮುದ್ರಣಗೊಂಡರೆ ಸಾಕು, ನಿಗದಿಯಾದ ಶುಲ್ಕ ಕೊಟ್ಟು ಬೇರೆ ಯಾರಾದರೂ ಅದನ್ನು ಮುದ್ರಿಸಬಹುದು. ಹಣ ಹೋಗುವುದು ಬರೆದವರಿಗೆ, ಮೊದಲು ಹಾಡಿದವರಿಗಲ್ಲ. ಅಲ್ಲಿನ ರೇಡಿಯೋ ಕೇಂದ್ರಗಳೂ ಹಾಡು ಪ್ರಸಾರ ಮಾಡಿದಾಗ ಬರೆದವರಿಗೆ ಕೊಡುತ್ತವೆ, ಹಾಡಿದವರಿಗೆ ಇಲ್ಲ. ‘ರೆಸ್ಪೆಕ್ಟ್’ ಅನ್ನು ಬರೆದು 1965ರಲ್ಲಿ ಹಾಡಿದವನು ಓಟಿಸ್ ರೆಡ್ಡಿಂಗ್. ಮನೆಗೆ ಬರುವ ಗಂಡಸು ಹೆಂಗಸಿನ ಮುಂದಿಡುವ ಬೇಡಿಕೆ ಅದು. 1967ರಲ್ಲಿ ಅರೀತಾ ಫ್ರಾಂಕ್ಲಿನ್ ಅದನ್ನು ತಿರುಗಿಸಿ ಹೆಂಗಸಿನ ಬೇಡಿಕೆ ಮಾಡಿದಳು. ಇವತ್ತು ಜಗತ್ತಿಗೆ ಗೊತ್ತಿರುವುದು ಅರೀತಾಳ ಹಾಡೇ, ಆದರೆ ಅಮೆರಿಕದ ರೇಡಿಯೋದ ದುಡ್ಡು ರೆಡ್ಡಿಂಗ್ ಕಡೆಗೆ. ಕಾನೂನಿನ ಕಿವಿಗೆ ಹಾಡೆಂದರೆ ಮಾತು ಮತ್ತು ಧಾಟಿ. ಕಂಠ ಅದಕ್ಕೆ ಕೇಳಿಸುವುದಿಲ್ಲ.

ಈ ಕಿವುಡುತನದ ಬೆಲೆ ತೆತ್ತವಳು ಬಿಗ್ ಮಾಮಾ ಥಾರ್ನ್‌ಟನ್.

‘ಹೌಂಡ್ ಡಾಗ್’ ಎಂದರೆ ಎಲ್ವಿಸ್ ಪ್ರೀಸ್ಲಿ ಎಂದೇ ಎಲ್ಲರ ನೆನಪು. ಆದರೆ 1952ರಲ್ಲಿ, ಇನ್ನೂ ಇಪ್ಪತ್ತು ತುಂಬದ ಇಬ್ಬರು ಬಿಳಿಯ ಹುಡುಗರು, ಲೀಬರ್ ಮತ್ತು ಸ್ಟೋಲರ್, ಅದನ್ನು ಬರೆದದ್ದು ಥಾರ್ನ್‌ಟನ್‌ಳಿಗಾಗಿ. ಅವಳ ಹಾಡಿನಲ್ಲಿ ಒಬ್ಬ ಕಪ್ಪು ಹೆಂಗಸು ತನ್ನ ಅನ್ನ ತಿಂದು ಬಿದ್ದಿರುವ ಗಂಡಸನ್ನು ಬಾಗಿಲಾಚೆಗೆ ಅಟ್ಟುತ್ತಿದ್ದಾಳೆ. ದನಿಯಲ್ಲಿ ಸಿಟ್ಟಿದೆ, ನಗುವಿದೆ, ಇವನನ್ನು ಚೆನ್ನಾಗಿ ಬಲ್ಲೆ ಎಂಬ ಧಿಮಾಕು ಇದೆ. ಎಲ್ವಿಸ್ ಕೈಗೆ ಅದು ಬಂದದ್ದು ಲಾಸ್ ವೇಗಸ್‌ನಲ್ಲಿ ಇನ್ನೊಂದು ತಂಡ ಹಾಡುತ್ತಿದ್ದ ರೂಪದಿಂದ, ಅಂದರೆ ಕವರ್‌ನ ಕವರ್. ಅಷ್ಟರಲ್ಲಿ ಆ ಗಂಡಸು ಕಾಣೆಯಾಗಿ ನಿಜವಾದ ನಾಯಿಯೊಂದು ಹಾಡಿನೊಳಗೆ ಬಂದು ಕೂತಿತ್ತು. 1956ರಲ್ಲಿ ಅದು ಅಮೆರಿಕದ ಪಟ್ಟಿಗಳ ತುದಿಗೇರಿತು. ಬರೆದವರಿಗೆ ರಾಯಧನ ಬಂತು. ಥಾರ್ನ್‌ಟನ್ ಮಾತ್ರ, ಆ ಹಾಡಿನಿಂದ ತನಗೆ ಸಿಕ್ಕಿದ್ದು 500 ಡಾಲರಿನ ಒಂದೇ ಒಂದು ಚೆಕ್ ಎಂದು ಹೇಳಿಕೊಂಡಳು.

ಇಲ್ಲಿ ನೈತಿಕ ತೀರ್ಪು ಸುಲಭ ಅನ್ನಿಸಬಹುದು. ಹಾಡಿನ ಅರ್ಥವೇ ತಿಳಿಯದೆ ಹಾಡಿದ, ಮೊದಲು ಹಾಡಿದವಳನ್ನು ಮರೆಸಿದ, ಆದ್ದರಿಂದ ಕೆಟ್ಟ ಕವರ್. ಎಲ್ವಿಸ್ ಹಾಡಿದ್ದು ಕುಣಿಸುತ್ತದೆ ಎಂಬುದು ಬೇರೆ ಮಾತು.

ಜಾನಿಸ್ ಜಾಪ್ಲಿನ್ ಈ ಲೆಕ್ಕವನ್ನು ಕೆಡಿಸುತ್ತಾಳೆ. ಥಾರ್ನ್‌ಟನ್ ತಾನೇ ಬರೆದ ‘ಬಾಲ್ ಅಂಡ್ ಚೇನ್’ ಅನ್ನು ಜಾಪ್ಲಿನ್ 1967ರ ಮಾಂಟೆರೆ ಉತ್ಸವದಲ್ಲಿ ಹಾಡಿ ರಾತ್ರೋರಾತ್ರಿ ಹೆಸರಾದಳು. ಅವಳಿಗೆ ಹಾಡಿನ ಅರ್ಥ ಗೊತ್ತಿತ್ತು. ಮರುವರ್ಷ ಬಂದ ‘ಚೀಪ್ ಥ್ರಿಲ್ಸ್’ ಆಲ್ಬಮ್ಮಿನಲ್ಲಿ ಥಾರ್ನ್‌ಟನ್ ಹೆಸರೂ ಇತ್ತು. ಮಾಡಬೇಕಾದ್ದನ್ನೆಲ್ಲ ಮಾಡಿದಂತೆಯೇ. ಆದರೆ ಹಾಡಿನ ಹಕ್ಕು ಮೊದಲೇ ಒಂದು ಸಣ್ಣ ರೆಕಾರ್ಡ್ ಕಂಪನಿಯ ಪಾಲಾಗಿತ್ತು. ಹೀಗಾಗಿ ಬರೆದವಳಾಗಿಯೂ ಥಾರ್ನ್‌ಟನ್ ನಷ್ಟದಲ್ಲೇ ಉಳಿದಳು. ಹಾಡಿದ್ದಕ್ಕೆ ಕಾನೂನು ಕೊಡಲಿಲ್ಲ, ಬರೆದದ್ದಕ್ಕೆ ಕರಾರುಪತ್ರ ಕೊಡಲಿಲ್ಲ. ನಾನೀಗ ಜಾಪ್ಲಿನ್‌ಳನ್ನು ಕಣ್ಣುಮುಚ್ಚಿ ಕೇಳುವಾಗ, ಹಾಡಿದವಳ ಪ್ರಾಮಾಣಿಕತೆಯಾಗಲಿ ನನ್ನ ತಿಳಿವಳಿಕೆಯಾಗಲಿ ಆ ಸಾಲವನ್ನು ತೀರಿಸುವುದಿಲ್ಲ. ಹಾಗೆಂದು ಕೇಳದೇ ಇದ್ದರೆ ತೀರುತ್ತದೆಯೇ? ಅದೂ ಇಲ್ಲ. ಹಾಡಿನ ಸುಖ ಬೇರೆ, ಋಣ ಬೇರೆ. ಒಂದು ಇನ್ನೊಂದನ್ನು ಅಳಿಸುವುದಿಲ್ಲ.

ನಮ್ಮ ದಾಸರ ಪದಗಳು ಇಲ್ಲಿ ನೆನಪಾಗುತ್ತವೆ. ಪುರಂದರದಾಸರ ಕಂಠವನ್ನು ಇವತ್ತಿನವರು ಯಾರೂ ಕೇಳಿಲ್ಲ. ಭೀಮಸೇನ ಜೋಶಿ ಹಾಡಿದರೂ ಪಕ್ಕದ ಮನೆಯ ಭಜನೆ ಮಂಡಳಿ ಹಾಡಿದರೂ ಎಲ್ಲವೂ ಕವರೇ. ಆದರೆ ಯಾರೇ ಹಾಡಲಿ, ಕೊನೆಗೆ ಅಂಕಿತ ಬಂದೇ ಬರುತ್ತದೆ. ಹಾಡಿದವರು ತಮ್ಮ ಬಾಯಿಂದಲೇ ಇದು ಯಾರದ್ದೆಂದು ಹೇಳಬೇಕು. ರಾಕ್ ಸಂಗೀತದಲ್ಲಿ ಹೆಸರಿರುವುದು ರೆಕಾರ್ಡಿನ ಲೇಬಲ್ಲಿನ ಮೇಲೆ, ಹಾಡಿನೊಳಗಲ್ಲ. ಲೇಬಲ್ ಬದಲಾದರೆ ಹೆಸರೂ ಹೋಯಿತು.

ಆದರೂ ಹಾಡು ಬರೆದವರದ್ದೇ ಎಂದು ನಾನು ಒಪ್ಪಲಾರೆ. ನೈನ್ ಇಂಚ್ ನೇಲ್ಸ್‌ನ ಟ್ರೆಂಟ್ ರೆಜ್ನರ್ ‘ಹರ್ಟ್’ ಅನ್ನು ಹೊರತಂದದ್ದು 1994ರಲ್ಲಿ, ಹೆಚ್ಚುಕಡಿಮೆ ಈಗಿನ ನನ್ನ ವಯಸ್ಸಿನಲ್ಲಿ. ಅದರಲ್ಲಿರುವುದು ಬದುಕು ಮುಗಿದೇಹೋಯಿತು ಎನ್ನುವ ಯೌವನದ ನೋವು. ಅದು ಸುಳ್ಳಲ್ಲ, ಆದರೆ ಈ ವಯಸ್ಸಿನಲ್ಲಿ ‘ಎಲ್ಲ ಮುಗಿಯಿತು’ ಅನ್ನಿಸುವುದು ಎಷ್ಟು ಸಲೀಸೆಂದು ನನಗೂ ಗೊತ್ತು, ಪಿಎಚ್‌ಡಿ ಮಾಡುವ ಯಾರಿಗೂ ಗೊತ್ತು. 2002ರಲ್ಲಿ ಎಪ್ಪತ್ತರ ಜಾನಿ ಕ್ಯಾಶ್ ಅವೇ ಮಾತುಗಳನ್ನು ನಡುಗುವ ದನಿಯಲ್ಲಿ ಹಾಡಿದ. ವಿಡಿಯೋದಲ್ಲಿ ಅವನ ಹಿಂದೆ ಹೆಂಡತಿ ಜೂನ್ ಒಂದು ಕ್ಷಣ ಕಾಣಿಸುತ್ತಾಳೆ. ಮರುವರ್ಷ ಮೇ ತಿಂಗಳಲ್ಲಿ ಅವಳು, ಸೆಪ್ಟೆಂಬರ್‌ನಲ್ಲಿ ಅವನು ತೀರಿಕೊಂಡರು. ವಿಡಿಯೋ ನೋಡಿದ ರೆಜ್ನರ್, ಈ ಹಾಡು ಇನ್ನು ನನ್ನದಲ್ಲ ಎಂಬರ್ಥದ ಮಾತಾಡಿದ. ಕ್ಯಾಶ್ ಹಾಡಿನಿಂದ ಏನನ್ನೂ ಕದ್ದಿರಲಿಲ್ಲ. ಆ ಮಾತುಗಳು ತಮ್ಮ ವಯಸ್ಸಿಗಾಗಿ ಕಾದು ಕೂತಿದ್ದವು.

‘ಹೌಂಡ್ ಡಾಗ್’ ಅನ್ನು ಈಗ ನಾನು ಥಾರ್ನ್‌ಟನ್‌ಳಿಂದಲೇ ಶುರುಮಾಡುತ್ತೇನೆ. ಎಲ್ವಿಸ್ ಆಮೇಲೆ ಬರುತ್ತಾನೆ, ಬರಲಿ. ಅವಳ ಧ್ವನಿಮುದ್ರಣ ಮುಗಿಯುವ ಹೊತ್ತಿಗೆ ಬ್ಯಾಂಡಿನ ಗಂಡಸರೆಲ್ಲ ಬೊಗಳುತ್ತಾರೆ, ಊಳಿಡುತ್ತಾರೆ.