ಸಂಕೇತ ಮತ್ತು ಸ್ವತ್ವ

ಮುಂಬಯಿಯಲ್ಲಿ ಕೈಬದಲಾದ ಹಳೆಯ ಕಾರಿನ ಬ್ಯಾಟರಿಯನ್ನು ಬದಲಿಸಿದಾಗ, ಕಳ್ಳತನ ತಡೆಯುವ ಬೀಗವುಳ್ಳ ರೇಡಿಯೋ ಮೂಕವಾಗಿ, ಸಾಮಾನ್ಯವಾಗಿ ನಾಲ್ಕು ಅಂಕಿಗಳ ಗುಪ್ತಸಂಕೇತವನ್ನು ಕೇಳುತ್ತದೆ; ವಾಹನ ವರ್ಗಾವಣೆಯ ನಮೂನೆ 29 ಮತ್ತು 30ರ ಮೂಲಕ ನೋಂದಣಿಯನ್ನು ತನ್ನ ಹೆಸರಿಗೆ ಮಾಡಿಸಿಕೊಂಡವನೂ ಅದರ ಮುಂದೆ ಕಳ್ಳನಿಗೆ ಸಮಾನನೇ. ವಸ್ತು ನಿಜವಾಗಿ ಯಾರದು ಎಂಬ ಹಳೆಯ ಪ್ರಶ್ನೆ ಇಲ್ಲಿ ಮತ್ತೆ ಎದುರಾಗುತ್ತದೆ.

ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದ ವಿಜ್ಞಾನೇಶ್ವರನು, ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ‘ಮಿತಾಕ್ಷರಾ’ ವ್ಯಾಖ್ಯಾನದಲ್ಲಿ, ಸ್ವತ್ವವು ಅಂದರೆ ಒಡೆತನವು ಲೌಕಿಕ, ಶಾಸ್ತ್ರವಚನಕ್ಕಿಂತ ಜನರ ವ್ಯವಹಾರದಿಂದಲೇ ತಿಳಿಯುವಂಥದು ಎಂದು ವಾದಿಸಿದನು. ಒಡೆಯನಲ್ಲದವನ ಮಾರಾಟವನ್ನು ಆ ಸ್ಮೃತಿ ‘ಅಸ್ವಾಮಿವಿಕ್ರಯ’ ಎಂದು ಕರೆದು, ಮೂಲ ಒಡೆಯನ ಹಕ್ಕನ್ನು ಉಳಿಸುತ್ತದೆ; 1930ರ ಸರಕು ಮಾರಾಟ ಕಾಯ್ದೆಯ 27ನೆಯ ಕಲಮು ಸಹ, ಕೆಲವು ವಿನಾಯಿತಿಗಳೊಡನೆ, ಇದೇ ನಿಲುವಿನದು. ಆದ್ದರಿಂದ ಮುಂಬಯಿಯ ಮಟನ್ ಸ್ಟ್ರೀಟಿನ ಚೋರ್ ಬಜಾರಿನಲ್ಲಾಗಲಿ ಬೇರೆಲ್ಲಾಗಲಿ ಕದ್ದ ರೇಡಿಯೋ ಕೊಂಡು ಅದರ ಸಂಕೇತವನ್ನು ಭೇದಿಸಿಕೊಂಡವನಿಗೆ ರೇಡಿಯೋದ ಧ್ವನಿ ದಕ್ಕೀತು, ಸ್ವತ್ವ ದಕ್ಕದು.

ಯಂತ್ರಕ್ಕೆ ತಿಳಿಯುವುದು ರಹಸ್ಯವೇ ಹೊರತು ಧರ್ಮವಲ್ಲ. ಜೈನರು ಕಳವನ್ನು ‘ಅದತ್ತಾದಾನ’, ಅಂದರೆ ಕೊಡದಿದ್ದುದನ್ನು ತೆಗೆದುಕೊಳ್ಳುವುದು, ಎಂದು ವಿವರಿಸುವಾಗ ಕೊಡುವವನ ಸಮ್ಮತಿಯನ್ನೇ ಕೇಂದ್ರದಲ್ಲಿಡುತ್ತಾರೆ. ಹಾಗಾದರೆ ಕೊಡುವವನಿಗೂ ಒಂದು ಹೊಣೆಯಿದೆ: ಕೈಪಿಡಿಯ ನಡುವೆ ಉಳಿದ ಪುಟ್ಟ ಸಂಕೇತಚೀಟಿಯನ್ನೂ ಕೀಲಿಯೊಡನೆ ಒಪ್ಪಿಸಿದಾಗಲೇ ಮಾರಾಟ ಮನಃಪೂರ್ವಕವಾಗುತ್ತದೆ. ಚೀಟಿ ಕಳೆದಿದ್ದರೆ, ರೇಡಿಯೋವನ್ನು ಹೊರತೆಗೆದು ಅದರ ಕ್ರಮಸಂಖ್ಯೆಯನ್ನೂ ಒಡೆತನದ ದಾಖಲೆಯನ್ನೂ ಅಧಿಕೃತ ಮಾರಾಟಗಾರನಿಗೆ ತೋರಿಸಿ ಸಂಕೇತ ಪಡೆಯುವ ನಿಧಾನದ ದಾರಿಯೇ ಅಸ್ತೇಯದ, ಎಂದರೆ ಕದಿಯದಿರುವ ವ್ರತದ, ದಾರಿಯಾಗಿದೆ.