ಜಂಟಿ ವರಸೆ ಮತ್ತು ಅವಳಿ ಮಕ್ಕಳು



ಮಕ್ಕಳನ್ನ ಸಮನಾಗಿ ನೋಡಬೇಕು ಅಂತೀವಿ. ಸಮ ಅಂದ್ರೆ ಇಬ್ಬರಿಗೂ ಒಂದೇ ಕೊಡೋದೋ, ಅವರವರಿಗೆ ಬೇಕಾದ್ದು ಕೊಡೋದೋ? ನನ್ನ ಹತ್ರ ಹಾಡು ಕಲಿಯೋ ಏಳು ವರ್ಷದ ಅವಳಿ ಹುಡುಗಿಯರ ತಾಯಿಗೆ ಈಗ ಇದೇ ಪ್ರಶ್ನೆ. ಇಲ್ಲಿ ಅಮೆರಿಕದ ಶಾಲೆಗಳ ಗಿಫ್ಟೆಡ್ ಪ್ರೋಗ್ರಾಂಗೆ ಎಷ್ಟೋ ಕಡೆ ತಂದೆತಾಯಿಯೇ ಮಗುವಿನ ಹೆಸರು ಸೂಚಿಸಬಹುದು. ದೊಡ್ಡವಳು ಕ್ಲಾಸಿನ ಲೆಕ್ಕ ಮುಗಿಸಿ ಸುಮ್ಮನೆ ಕೂತಿರ್ತಾಳೆ. ಚಿಕ್ಕವಳು ನಿಧಾನ, ಆದ್ರೆ ಕಲಿತದ್ದು ಬಿಡಲ್ಲ. "ಒಬ್ಬಳ ಹೆಸರು ಕೊಟ್ರೆ ಇನ್ನೊಬ್ಬಳು 'ನಾನು ದಡ್ಡೀನಾ ಅಮ್ಮಾ' ಅಂತಾಳೆ ಅಕ್ಕ. ಕೊಡದಿದ್ರೆ ದೊಡ್ಡವಳಿಗೆ ಅನ್ಯಾಯ" ಅಂದಳು.

ನಿಯಮಗಳು ರಾಜ್ಯಕ್ಕೊಂದು, ಡಿಸ್ಟ್ರಿಕ್ಟಿಗೊಂದು. ಬಹಳ ಕಡೆ ಬಳಸೋ ಕಾಗ್ಯಾಟ್ ಪರೀಕ್ಷೆಯಲ್ಲಿ 3 ಭಾಗ: ಪದ, ಸಂಖ್ಯೆ, ಆಕೃತಿ. ಅದು ತರ್ಕಶಕ್ತಿ ನೋಡುತ್ತೆ. ಶ್ರುತಿಜ್ಞಾನ, ತಾಳ್ಮೆ, ಕರುಣೆ ಅದರಲ್ಲಿಲ್ಲ. ಹಾಗಾಗಿ ಹೆಸರು ಸೂಚಿಸೋದು ಬಿರುದು ಕೊಟ್ಟ ಹಾಗಲ್ಲ. "ಈ ಮಗುವಿಗೆ ಈಗಿನ ಪಾಠ ಸಾಲ್ತಿದೆಯಾ ನೋಡಿ" ಅನ್ನೋ ವಿನಂತಿ, ಅಷ್ಟೆ.

ಪುರಂದರದಾಸರು ಹಾಕಿಕೊಟ್ಟರೆಂದು ನಾವು ನಂಬೋ ಪಾಠಕ್ರಮದಲ್ಲಿ ಸರಳೆ ವರಸೆ ಆದ ಮೇಲೆ ಜಂಟಿ ವರಸೆ ಬರುತ್ತೆ. ಸಸ ರಿರಿ ಗಗ ಮಮ. ಸ್ವರ ಅದೇ, ಆದ್ರೆ ಎರಡನೆಯದಕ್ಕೆ ಒತ್ತು. ಎರಡನ್ನೂ ಒಂದೇ ಥರ ಎಳೆದ್ರೆ ಜಂಟಿಯೇ ಕೇಳಿಸಲ್ಲ. ಒತ್ತು ಬಿದ್ದ ಮಾತ್ರಕ್ಕೆ ಎರಡನೆಯದು ಮೇಲಿನ ಸ್ವರ ಆಗಲ್ಲ, ಮೊದಲನೆಯದು ಕೆಳಗಿಳಿಯಲ್ಲ.

ಸ್ವರಕ್ಕೆ ಬೇಜಾರಾಗಲ್ಲ, ಮಗುವಿಗಾಗುತ್ತೆ ಅಂತೀರಾ? ನಿಜ. ಆದ್ರೆ ಆ ನೋವು ಬೇರೆ ಕ್ಲಾಸಿನಿಂದ ಬರೋದಕ್ಕಿಂತ, ಮನೆಯಲ್ಲಿ ನಾವು ಆ ಕ್ಲಾಸಿಗೆ ಕಟ್ಟೋ ಬೆಲೆಯಿಂದ ಬರೋದೇ ಹೆಚ್ಚು. ಊರಿಗೆ ವಿಡಿಯೋ ಕಾಲ್ ಮಾಡಿದಾಗ ಅಜ್ಜಿಗೆ ಒಬ್ಬಳ ಸುದ್ದಿಯನ್ನೇ ಹೇಳಿದ್ರೆ ಇನ್ನೊಬ್ಬಳಿಗೆ ಎಲ್ಲಾ ಅರ್ಥವಾಗುತ್ತೆ. ದೊಡ್ಡವಳನ್ನ ತಡೆದು ನಿಲ್ಲಿಸಿದ್ರೆ ಚಿಕ್ಕವಳಿಗೆ ಸಿಗೋದೇನು? "ಅಕ್ಕನಿಗೆ ತಪ್ಪಿದ್ದು ನನ್ನಿಂದ" ಅನ್ನೋ ಭಾರ. ಬರೀ ಸಮಾಧಾನಕ್ಕೆ ಅಂತ ಇಬ್ಬರ ಹೆಸರನ್ನೂ ಕೊಟ್ರೆ, ಒಬ್ಬಳನ್ನ ಇನ್ನೊಬ್ಬಳ ನೆರಳು ಮಾಡಿದ ಹಾಗೆ.

ಮಧ್ವಮತದಲ್ಲೇ ತಾರತಮ್ಯ ಇದೆಯಲ್ಲ ಅಂತ ಕೆಲವರು ಕೇಳಬಹುದು. ಇದೆ. ಆದ್ರೆ ಜೀವದ ಯೋಗ್ಯತೆ ಬಲ್ಲವನು ಹರಿ. ಏಳು ವರ್ಷದ ಮಗು ಒಂದು ಬೆಳಿಗ್ಗೆ ತೆಗೆದ ಅಂಕ ಅದನ್ನ ಹೇಳಲಾರದು. ಚೊಂಬು ತುಂಬಿದ್ರೂ ಪೂರ್ಣ, ಕೊಡ ತುಂಬಿದ್ರೂ ಪೂರ್ಣ. ಇನ್ನು 'ಗಿಫ್ಟ್' ಅಂದ ಮೇಲೆ ಅದು ಅವನು ಕೊಟ್ಟದ್ದು. ಪಡೆದವರಿಗೆ ಜವಾಬ್ದಾರಿ ಇದೆ, ಬೀಗೋಕೆ ಕಾರಣ ಇಲ್ಲ.

ಅವಳಿಗೆ ಹೇಳಿದ್ದು ಇಷ್ಟು: ದೊಡ್ಡವಳ ಹೆಸರು ಕೊಡು. ಚಿಕ್ಕವಳ ಬಗ್ಗೆ ಅವಳ ಟೀಚರ್ ಹತ್ರ ಪ್ರತ್ಯೇಕವಾಗಿ ಮಾತಾಡು. ಅವಳಿಗೂ ಬೇಕು ಅನ್ನಿಸಿದ್ರೆ ಅವಳ ಕಾರಣಕ್ಕೇ ಕೊಡು. ಫಲಿತಾಂಶ ಏನೇ ಬರಲಿ, ಆ ಸಂಜೆ ದೀಪ ಹಚ್ಚಿ ಇಬ್ಬರ ಹತ್ರವೂ ಎಂದಿನ ಹಾಗೆ ಹಾಡಿಸು.

ಶ್ರೀಕೃಷ್ಣಾರ್ಪಣಮಸ್ತು.